ತಾಯಿಯ ಮೊದಲ ಹಾಲು
(ಕುರ್ಲಾದಲ್ಲಿ ಸಂಘದ ಸದಸ್ಯರ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಜಮಾ-ಖರ್ಚು ಬರೆಯುವ ಬ್ಯಾಂಕಿನ ಗುಮಾಸ್ತನು ಬಾಣಂತಿಯ ವಿಷಯವನ್ನೆತ್ತಿದುದು ತಮಗೆ ಆಶ್ಚರ್ಯವಾಗಬಹುದು. ನಾನು ವೈದ್ಯನಲ್ಲ, ತಪ್ಪು ಮಾಡಿ ಕಲಿತ ತಂದೆ.

ನಮ್ಮ ಚೊಚ್ಚಲ ಮಗು ಹುಟ್ಟಿದ್ದು ಈ ಊರಿನಲ್ಲಿಯೇ, ಶಸ್ತ್ರಕ್ರಿಯೆಯಿಂದ. ನಮ್ಮ ಅತ್ತೆಯವರು ಊರಿನಿಂದ ಬಂದು ಸೇರಲು ಎರಡು ದಿನ ತಡವಾಯಿತು. "ತಾಯಿಗೆ ಇನ್ನೂ ಹಾಲಿಲ್ಲ, ಪುಡಿಯ ಡಬ್ಬಿ ತನ್ನಿ" ಎಂದರು ದಾದಿ. ಓಡಿಹೋಗಿ ತಂದೆ. "ಮಗುವನ್ನು ಒಮ್ಮೆ ನನ್ನ ಹತ್ತಿರ ಕೊಡಿ" ಎಂದು ನನ್ನ ಹೆಂಡತಿ ಕನ್ನಡದಲ್ಲಿ ಕೇಳಿದುದು ದಾದಿಗೆ ತಿಳಿಯಲಿಲ್ಲ; ತಿಳಿದ ನಾನು ಸುಮ್ಮನಿದ್ದೆ. ಮೂರನೆಯ ದಿನ ಮಗು ಎದೆಗೆ ಬಾಯಿಡದೆ ಅತ್ತಾಗ, ನೋಡಲು ಬಂದವರೆಲ್ಲ ಅವಳನ್ನೇ ದೂರಿದರು. ಡಬ್ಬಿ ತಂದವನನ್ನು ಯಾರೂ ದೂರಲಿಲ್ಲ.

ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಮೊಲೆಯೂಡಿಸಬೇಕೆಂಬುದು ವೈದ್ಯರ ಮತ. ಆದರೆ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ನೂರಕ್ಕೆ ೮೮ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲಾದರೂ, ಆ ಗಂಟೆಯೊಳಗೆ ಎದೆಹಾಲು ದೊರೆತುದು ನೂರಕ್ಕೆ ಸುಮಾರು ೪೨ ಮಕ್ಕಳಿಗೆ ಮಾತ್ರ. ಶಸ್ತ್ರಕ್ರಿಯೆಯ ಆಯಾಸ, ತಾಯಿ ಮಗುವನ್ನು ಬೇರೆ ಬೇರೆ ಮಲಗಿಸುವುದು, ಮೊದಲು ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುವುದು, ಇವೆಲ್ಲ ಅಡ್ಡಿಗಳೇ.

ಹಸು ಕರು ಹಾಕಿದಾಗ ಗಿಣ್ಣುಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಸಿ, ನೆರೆಮನೆಗೂ ಹಂಚಿ ತಿನ್ನುವವರು ನಾವು. ತಾಯಿಯ ಹಳದಿ ಬಣ್ಣದ ಮೊದಲ ಹಾಲನ್ನು ಮಾತ್ರ ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಮನೆಗಳು ನಮ್ಮಲ್ಲುಂಟು! ರೋಗವನ್ನು ತಡೆಯುವ ಶಕ್ತಿ ತುಂಬಿರುವುದು ಅದರಲ್ಲಿಯೇ. ಅದು ಕೆಲವೇ ಚಮಚೆಯಷ್ಟಿದ್ದರೂ ಎಳೆಯ ಹೊಟ್ಟೆಗೆ ಸಾಕು.

ಬ್ಯಾಂಕಿನಲ್ಲಿ ತೆಗೆದಷ್ಟೂ ಠೇವಣಿ ಕರಗುತ್ತದೆ. ಎದೆಹಾಲಾದರೋ ಮಗು ಚೀಪಿದಷ್ಟೂ ಹೆಚ್ಚುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬಿದ ಮಗು ಚೀಪುವುದಿಲ್ಲ. ಚೀಪದಿದ್ದರೆ ಹಾಲು ಕಡಿಮೆಯಾಗುತ್ತದೆ. ಅದನ್ನು ಕಂಡು ಇನ್ನೊಂದು ಬಾಟಲಿ!

ನಮ್ಮ ನೆರೆಯ ಸಾಯನ್ನಿನ ಮುನಿಸಿಪಲ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸರು ೧೯೮೯ರಲ್ಲಿ ತಾಯಿಹಾಲಿನ ಬ್ಯಾಂಕನ್ನು ಸ್ಥಾಪಿಸಿದರು. ಇತರ ತಾಯಂದಿರು ದಾನವಿತ್ತ ಹಾಲು ಅಲ್ಲಿ ದುರ್ಬಲ ಶಿಶುಗಳಿಗೆ ದೊರೆಯುತ್ತದೆ. ಹಾಲುಪುಡಿಯ ಜಾಹೀರಾತನ್ನೂ ಉಚಿತ ಮಾದರಿಗಳನ್ನೂ ೧೯೯೨ರ ಕಾಯಿದೆ ನಿಷೇಧಿಸಿದೆ. ಆದರೆ ಬಾಣಂತಿಯ ಮಂಚದ ಪಕ್ಕದಲ್ಲಿ ನಿಲ್ಲಬೇಕಾದವರು ನಾವೇ.

ಎರಡನೆಯ ಮಗುವಿನ ಕಾಲಕ್ಕೆ ನಾನು ಮೊದಲೇ ವೈದ್ಯರನ್ನು ಕೇಳಿಕೊಂಡಿದ್ದೆ. ಆಗಲೂ ಶಸ್ತ್ರಕ್ರಿಯೆಯೇ. ನೆರೆಮನೆಯ ಅಕ್ಕ ಒಬ್ಬರು ಮಗುವನ್ನು ಎದೆಗೆ ಆನಿಸಿ ಹಿಡಿದುಕೊಂಡರು. ಮಲಗಿದ್ದಂತೆಯೇ ನನ್ನಾಕೆ ಹಾಲೂಡಿಸಿದಳು. ಇಬ್ಬರೂ ಅದೇ ತಾಯಿಯ ಮಕ್ಕಳು, ಬದಲಾದವರು ಸುತ್ತಲಿನವರು.

ತವರುಮನೆ ದೂರವಿರುವ ಈ ಊರಿನಲ್ಲಿ, ಅನುಭವವುಳ್ಳ, ಮರಾಠಿ-ಹಿಂದಿ ಬಲ್ಲ ನಮ್ಮ ಸೋದರಿಯೊಬ್ಬರು ಪ್ರತಿ ಚೊಚ್ಚಲ ಬಾಣಂತಿಯ ಬಳಿ ಇರುವಂತೆ ಸಂಘವು ಏರ್ಪಾಡು ಮಾಡಲೆಂದು ಪ್ರಾರ್ಥಿಸುತ್ತೇನೆ. ವೈದ್ಯರೇ ಬೇರೆ ಹಾಲು ಅಗತ್ಯವೆಂದರೆ ಕೊಡೋಣ. ತಾಯಿಯನ್ನು ಮಾತ್ರ ಹಳಿಯದಿರೋಣ. ಗಂಡಸರಿಗೆ ನನ್ನದೊಂದು ಮಾತು: ಡಬ್ಬಿಗೆ ಓಡುವ ಮೊದಲು ಆಕೆ ಏನು ಕೇಳುತ್ತಿದ್ದಾಳೆಂದು ಕಿವಿಗೊಡಿ.