ಹೆಸರಿಗಲ್ಲ, ನಂಬರಿಗೆ ದುಡ್ಡು ಕೊಡಿ



ಪೆಟ್ರೋಲ್ ಬಂಕ್‌ಗೆ ಕಾರು ತಿರುಗಿಸ್ತೀರಿ. ಗಾಜು ಇಳಿಸೋದರೊಳಗೆ ಹುಡುಗ ಕೇಳ್ತಾನೆ, ‘ಸಾರ್, ಪ್ರೀಮಿಯಂ ಹಾಕ್ಲಾ?’ ಹಿಂದಿನ ಗಾಡಿಯವನು ಹಾರ್ನ್ ಹೊಡೀತಿದ್ದಾನೆ. ಯೋಚನೆ ಮಾಡೋಕೆ ಟೈಮಿಲ್ಲ. ಬೇಡ ಅಂದ್ರೆ ಜುಗ್ಗ ಅಂದ್ಕೊಂಡಾನು ಅನ್ನೋ ಅಳುಕು ಬೇರೆ. ‘ಹೂಂ, ಹಾಕಪ್ಪ’ ಅಂದುಬಿಡ್ತೀರಿ. ಆ ‘ಹೂಂ’ ಎಷ್ಟು ದುಬಾರಿ ಅಂತ ಇವತ್ತು ಲೆಕ್ಕ ಹಾಕೋಣ.

ಮಾಮೂಲಿ ಪೆಟ್ರೋಲಿಗಿಂತ ಪ್ರೀಮಿಯಂ ಲೀಟರಿಗೆ 8 ರೂಪಾಯಿ ಜಾಸ್ತಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 50 ಲೀಟರ್ ಹಾಕಿಸೋ ಮನೆಗೆ 400 ರೂಪಾಯಿ. ವರ್ಷಕ್ಕೆ 4,800. ಐದು ವರ್ಷಕ್ಕೆ 24,000 ರೂಪಾಯಿ. ಚಿಕ್ಕ ಕಾರಿಗೆ ಹೊಸ ಟೈರುಗಳನ್ನೇ ಹಾಕಿಸಬಹುದಾದ ದುಡ್ಡು. ಕೊಡೋದು ತಪ್ಪಲ್ಲ ಸ್ವಾಮಿ. ಆದರೆ ಕೊಟ್ಟಿದ್ದಕ್ಕೆ ಏನು ಸಿಕ್ತು ಅಂತ ಕೇಳಬೇಕಲ್ವಾ?

ಪ್ರೀಮಿಯಂ ಅಂದ ಕೂಡಲೇ ನಮ್ಮ ತಲೆಗೆ ಬರೋದು ಜಾಸ್ತಿ ಶಕ್ತಿ, ಜಾಸ್ತಿ ಮೈಲೇಜ್. ಎರಡೂ ತಪ್ಪು ಕಲ್ಪನೆ. ಬಂಕ್‌ನಲ್ಲಿ ಬರೆದಿರೋ 91, 95, 100 ಅನ್ನೋ ಅಂಕಿಗಳು ಆಕ್ಟೇನ್ ಸಂಖ್ಯೆಗಳು. ಎಂಜಿನ್ ಒಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟ ಮೇಲೆ ಅದು ಕ್ರಮವಾಗಿ ಉರಿಯಬೇಕು. ಒತ್ತಡ, ಬಿಸಿ ತಡೆಯಲಾರದೆ ತನ್ನಷ್ಟಕ್ಕೇ ಹೊತ್ತಿಕೊಂಡರೆ ಎಂಜಿನ್‌ನಿಂದ ಟಕಟಕ ಅನ್ನೋ ಶಬ್ದ ಬರುತ್ತೆ. ಮೆಕ್ಯಾನಿಕ್‌ಗಳು ಅದಕ್ಕೆ ನಾಕಿಂಗ್ ಅಂತಾರೆ. ಹಾಗೆ ಹೊತ್ತಿಕೊಳ್ಳದೆ ಇರೋ ಗುಣದ ಅಳತೆಯೇ ಆಕ್ಟೇನ್. ಅಂದ್ರೆ ಆಕ್ಟೇನ್ ಶಕ್ತಿಯಲ್ಲ, ತಾಳ್ಮೆ.

ಯಾವ ಎಂಜಿನ್ ಮಿಶ್ರಣವನ್ನು ಹೆಚ್ಚು ಒತ್ತುತ್ತದೋ ಅದಕ್ಕೆ ಹೆಚ್ಚು ತಾಳ್ಮೆಯ ಪೆಟ್ರೋಲ್ ಬೇಕು. ಕೆಲವು ಟರ್ಬೊ ಕಾರುಗಳು, ಐಷಾರಾಮಿ ಕಾರುಗಳು, ದೊಡ್ಡ ಸ್ಪೋರ್ಟ್ಸ್ ಬೈಕುಗಳು ಆ ಗುಂಪಿನವು. ಅಂಥ ಗಾಡಿಯ ಮ್ಯಾನ್ಯುಯಲ್‌ನಲ್ಲಿ 95 ಬೇಕೇ ಬೇಕು ಅಂತ ಬರೆದಿದ್ದರೆ, ಅಲ್ಲಿ ಜುಗ್ಗತನ ಮಾಡಬೇಡಿ. ಆದರೆ 91ಕ್ಕೆ ಅಂತಲೇ ತಯಾರಾದ ಮಾಮೂಲಿ ಕಾರಿಗೆ 95 ಹಾಕಿದರೆ ಅದು ರೇಸ್ ಕಾರ್ ಆಗಲ್ಲ. ನಿಮ್ಮ ಕಾಲಿಗೆ 8ನೇ ನಂಬರ್ ಚಪ್ಪಲಿ. ‘10 ದೊಡ್ಡ ನಂಬರ್ ಸಾರ್, ಇದೇ ತಗೊಳ್ಳಿ’ ಅಂದರೆ ಕೊಳ್ತೀರಾ?

ಅಮೆರಿಕದಲ್ಲಿ ವಾಹನ ಸವಾರರ ಸಂಘಟನೆ ಎಎಎ 2016ರಲ್ಲಿ ಇದನ್ನು ಪರೀಕ್ಷೆ ಮಾಡಿತು. ಮಾಮೂಲಿ ಪೆಟ್ರೋಲಿಗೆ ತಯಾರಾದ ಕಾರುಗಳಿಗೆ ಪ್ರೀಮಿಯಂ ಹಾಕಿ ನೋಡಿದರು. ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಒಂದೇ ವರ್ಷದಲ್ಲಿ ಅಮೆರಿಕನ್ನರು ಹೀಗೆ ಸುಮ್ಮನೆ ಕಳೆದ ದುಡ್ಡು 210 ಕೋಟಿ ಡಾಲರ್ ಅಂತ ಆ ಸಂಘಟನೆ ಅಂದಾಜು ಮಾಡಿತು.

ಈಗ ನಮ್ಮ ಮನೆ ಕಥೆಗೆ ಬನ್ನಿ. 2023ರ ಫೆಬ್ರವರಿಯಲ್ಲಿ ಪ್ರಧಾನಿ ಮೋದಿಯವರು ಇ20 ಪೆಟ್ರೋಲಿಗೆ ಚಾಲನೆ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಇ20 ಅಂದ್ರೆ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರಕೆ. ಎರಡೇ ವರ್ಷದಲ್ಲಿ ಅದು ದೇಶದ ಮಾಮೂಲಿ ಪೆಟ್ರೋಲ್ ಆಯ್ತು. ಕಬ್ಬು ಬೆಳೆಯೋ ನಮ್ಮ ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಿಗೂ ಇದರಲ್ಲಿ ಪಾಲಿದೆ. ಒಳ್ಳೇದೇ. ರೈತನಿಗೆ ನಾಲ್ಕು ಕಾಸು ಸಿಕ್ಕರೆ ಯಾರಿಗೆ ಹೊಟ್ಟೆಕಿಚ್ಚು?

ಎಥೆನಾಲ್‌ಗೆ ಎರಡು ಗುಣ. ಒಂದು, ಅದರ ಆಕ್ಟೇನ್ ಪೆಟ್ರೋಲಿಗಿಂತ ಬಹಳ ಹೆಚ್ಚು. ಇನ್ನೊಂದು, ಒಂದು ಲೀಟರಿನಲ್ಲಿರೋ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಳೇ ವಿನ್ಯಾಸದ ಕಾರುಗಳಲ್ಲಿ ಇ20ಯಿಂದ ಮೈಲೇಜ್ ಶೇ 6ರಿಂದ 7ರಷ್ಟು ಇಳಿಯಬಹುದು ಅಂತ 2021ರಲ್ಲೇ ನೀತಿ ಆಯೋಗದ ವರದಿ ಹೇಳಿತ್ತು.

ಅಸಲಿ ಪ್ರಶ್ನೆ ಇಲ್ಲಿದೆ ನೋಡಿ. ಇ20 ಬಂದ ಮೇಲೆ ಮಾಮೂಲಿ ಪೆಟ್ರೋಲಿನ ಆಕ್ಟೇನೇ 95ಕ್ಕೆ ಏರಿದೆ ಅಂತ 2025ರಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿಕೊಂಡಿತು. ಹೌದಾ? ಸಂತೋಷ. ಹಾಗಾದ್ರೆ ಪಕ್ಕದ ಪಂಪಿನಲ್ಲಿ 95 ಅಂತ ಬರೆದು ಜಾಸ್ತಿ ದುಡ್ಡು ತಗೊಳ್ತಿರೋದು ಯಾತಕ್ಕೆ? ಎಂಜಿನ್ ಒಳಗಿನ ಕೊಳೆ ತೆಗೆಯೋ ರಾಸಾಯನಿಕ ಸೇರಿಸಿದ್ದೀವಿ ಅಂತಾರೆ. ಇರಬಹುದು. ಹಾಗಾದ್ರೆ ದುಡ್ಡು ಆಕ್ಟೇನ್‌ಗಲ್ಲ, ಆ ರಾಸಾಯನಿಕಕ್ಕೆ ಅಂತ ಬೋರ್ಡ್ ಮೇಲೆ ಬರೀರಿ. ಎಷ್ಟು ಕೆಲಸ ಮಾಡುತ್ತೆ ಅನ್ನೋದನ್ನೂ ಬರೀರಿ.

ಹಳೇ ಕಾರಿನವರು ಇನ್ನೊಂದು ಆಸೆಯಲ್ಲಿ ಪ್ರೀಮಿಯಂ ಹಾಕಿಸ್ತಿದ್ದಾರೆ, ಎಥೆನಾಲ್ ಕಾಟ ತಪ್ಪುತ್ತೆ ಅಂತ. 95ರ ಪ್ರೀಮಿಯಂನಲ್ಲೂ ಎಥೆನಾಲ್ ಇದೆ ಸ್ವಾಮಿ! ಎಥೆನಾಲ್ ಇಲ್ಲ ಅಂತ ಕಂಪನಿ ಹೇಳೋ 100 ಆಕ್ಟೇನ್ ಪೆಟ್ರೋಲಿನ ಬೆಲೆ ಲೀಟರಿಗೆ 160 ರೂಪಾಯಿ ಆಸುಪಾಸು. ಅದೂ ಎಲ್ಲ ಬಂಕ್‌ನಲ್ಲಿ ಸಿಗಲ್ಲ. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಕೊಡಿ ಅಂತ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2025ರ ಸೆಪ್ಟೆಂಬರ್‌ನಲ್ಲಿ ವಜಾ ಆಯ್ತು. ಅಂದ್ರೆ ಸಾಮಾನ್ಯನಿಗೆ ಉಳಿದಿರೋ ಆಯ್ಕೆ ಹೆಸರಿನದ್ದು ಮಾತ್ರ.

ಆಯ್ಕೆ ಕೊಡೋಕಾಗಲ್ಲ ಅಂದ್ರೆ ಮಾಹಿತಿಯನ್ನಾದರೂ ಕೊಡಿ. ಅಮೆರಿಕದಲ್ಲಿ ಪ್ರತಿ ಪಂಪಿನ ಮೇಲೂ ಹಳದಿ ಚೀಟಿಯಲ್ಲಿ ಆಕ್ಟೇನ್ ಸಂಖ್ಯೆ ಹಾಕೋದು ಕಾನೂನು. ನಮ್ಮಲ್ಲಿ ಎರಡು ರೂಪಾಯಿ ಬಿಸ್ಕತ್ ಪೊಟ್ಟಣದ ಮೇಲೂ ಒಳಗೇನಿದೆ ಅಂತ ಬರೀತಾರೆ. ಲೀಟರಿಗೆ ನೂರು ದಾಟಿದ ಪೆಟ್ರೋಲಿಗೆ ಯಾಕಿಲ್ಲ? ಆಕ್ಟೇನ್ ಎಷ್ಟು, ಎಥೆನಾಲ್ ಎಷ್ಟು, ಎರಡೇ ಅಂಕಿ. ದರದ ಪಕ್ಕದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ.

ಸರ್ಕಾರ ಬರೆಸೋವರೆಗೆ ನೀವೇ ಒಂದು ಕೆಲಸ ಮಾಡಿ. ಕಾರಿನ ಪೆಟ್ರೋಲ್ ಮುಚ್ಚಳದ ಒಳಭಾಗ ನೋಡಿ, ಮ್ಯಾನ್ಯುಯಲ್ ತೆಗೆದು ಓದಿ. ಅಲ್ಲಿ 91 ಅಂತಿದ್ರೆ ಮಾಮೂಲಿ ಸಾಕು, ಉಳಿದ ದುಡ್ಡಲ್ಲಿ ಟೈಮಿಗೆ ಸರಿಯಾಗಿ ಆಯಿಲ್ ಬದಲಾಯಿಸಿ, ಟೈರಿಗೆ ಗಾಳಿ ಹಿಡಿಸಿ. ಮೈಲೇಜ್ ಬರೋದು ಅದರಿಂದ. 95 ಅಂತಿದ್ರೆ, ಪಂಪಿನಲ್ಲಿರೋದು ಎಷ್ಟು ಅಂತ ಕೇಳಿ ಹಾಕಿಸಿ. ಹಿಂದಿನವನು ಹಾರ್ನ್ ಹೊಡೆದರೆ ಹೊಡೀಲಿ. ದುಡ್ಡು ನಿಮ್ಮದು.