ಗಾಡಿಗೆ ಏನಾಗಿದೆ? ಬೆಳಕು ಹೇಳುತ್ತೆ



ಇವತ್ತು ಹಳೆ ಕಾರಿನ ಬಗ್ಗೆ ಮಾತಾಡೋಣ. ಮಾರುತಿ 800 ಕಾರು ನಿಮಗೆಲ್ಲ ಗೊತ್ತು. 1983ರಲ್ಲಿ ಅದು ಬಂತು. 2014ರಲ್ಲಿ ತಯಾರಿಕೆ ನಿಂತಿತು. ಆದರೂ ಅಲ್ಲಲ್ಲಿ ಇನ್ನೂ ಓಡುತ್ತಿದೆ. ಸಂತೆಗೂ ಅದೇ, ಮದುವೆಗೂ ಅದೇ, ಆಸ್ಪತ್ರೆಗೂ ಅದೇ. ತಾಳವಾಡಿ ಕಡೆಯವರು ಸತ್ಯಮಂಗಲಕ್ಕೆ ಹೋಗಲು ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಅಂಥ ಕಡೆ ಗಾಡಿ ಸ್ಟಾರ್ಟ್ ಆಗದಿದ್ದರೆ ಏನು ಗತಿ?

ಗಾಡಿ ನಿಂತರೆ ಎಲ್ಲರದೂ ಒಂದೇ ಮಾತು. "ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ." ಸಾವಿರಾರು ರೂಪಾಯಿ ಖರ್ಚು ಮಾಡ್ತೀವಿ. ಕೆಲವು ಸಲ ನಾಲ್ಕು ದಿನಕ್ಕೆ ಮತ್ತೆ ಅದೇ ಗೋಳು. ಯಾಕೆಂದರೆ ತೊಂದರೆ ಇದ್ದದ್ದು ಬೇರೆ ಕಡೆ. ಅದಕ್ಕೇ ಮೊದಲು ನೋಡಬೇಕು, ಆಮೇಲೆ ಕೊಳ್ಳಬೇಕು.

ಕರೆಂಟು ಹೋಗುವ ದಾರಿ ತಿಳಿಯಿರಿ. ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ಸೆಲ್ಫ್ ಮೋಟರಿಗೆ ಹೋಗುತ್ತದೆ. ಸೆಲ್ಫ್ ಇಂಜಿನನ್ನು ತಿರುಗಿಸುತ್ತದೆ. ಕರೆಂಟು ಅರ್ತ್ ವೈರಿನಲ್ಲಿ ಬ್ಯಾಟರಿಗೆ ವಾಪಸು ಬರುತ್ತದೆ. ಹೋಗುವ ದಾರಿ, ಬರುವ ದಾರಿ ಎರಡೂ ಚೆನ್ನಾಗಿರಬೇಕು.

ಈಗ ಪರೀಕ್ಷೆ. ಬೀಡಿ ಆರಿಸಿ. ಬ್ಯಾಟರಿಯಿಂದ ಬರುವ ಗಾಳಿಗೆ ಬೆಂಕಿ ಹತ್ತುತ್ತದೆ. ಗೇರು ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಹೆಡ್‌ಲೈಟ್ ಹಾಕಿ. ಒಬ್ಬರು ಪಕ್ಕದಲ್ಲಿ ನಿಂತು ಬೆಳಕು ನೋಡಲಿ. ಇನ್ನೊಬ್ಬರು ಕೀಲಿ ತಿರುಗಿಸಲಿ.

1. ಬೆಳಕು ಮೊದಲೇ ಮಂಕಾಗಿದೆಯೇ? ಅಥವಾ ಕೀಲಿ ತಿರುಗಿಸಿದ ಕೂಡಲೇ ಆರಿತೇ? ಬ್ಯಾಟರಿ ಡೌನ್ ಆಗಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಇದ್ದರೆ ಅದೇ ಕಳ್ಳ.

2. ಬೆಳಕು ಜೋರಾಗಿದೆ, ಆದರೆ ಒಂದು "ಟಕ್" ಶಬ್ದ ಮಾತ್ರ ಬಂತೇ? ಸೆಲ್ಫ್ ಅಥವಾ ಅರ್ತ್ ವೈರ್ ನೋಡಿಸಿ.

3. ಬೆಳಕು ಜೋರಾಗಿದೆ, ಶಬ್ದವೇ ಇಲ್ಲವೇ? ಕೀಲಿಯಿಂದ ಸೆಲ್ಫಿಗೆ ಹೋಗುವ ಸಣ್ಣ ವೈರು ಕಳಚಿರಬಹುದು. ಕೀಲಿಯ ಸ್ವಿಚ್ಚೂ ಕೆಟ್ಟಿರಬಹುದು.

4. ಇಂಜಿನು ಚೆನ್ನಾಗಿ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲವೇ? ಬ್ಯಾಟರಿಯನ್ನು ಬೈಯಬೇಡಿ. ಪ್ಲಗ್ಗಿಗೆ ಕಿಡಿ ಬರುತ್ತಿಲ್ಲ, ಇಲ್ಲವೇ ಪೆಟ್ರೋಲ್ ಬರುತ್ತಿಲ್ಲ.

ಟರ್ಮಿನಲ್ ತೊಳೆಯುವುದು ಸುಲಭ. ಮೊದಲು ಮೈನಸ್ ( – ) ಗುರುತಿನ ವೈರು ಬಿಚ್ಚಿ. ಆಮೇಲೆ ಪ್ಲಸ್ ( + ). ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ಉಜ್ಜಿ. ಬ್ಯಾಟರಿಯ ಒಳಗೆ ಆ ನೀರು ಹೋಗಬಾರದು. ಒರೆಸಿ, ಮೊದಲು ಪ್ಲಸ್ ಹಾಕಿ, ಕೊನೆಗೆ ಮೈನಸ್. ಬಿಗಿ ಮಾಡಿ, ವ್ಯಾಸಲಿನ್ ಸವರಿ. ಆಸಿಡ್ ಮೈಗೆ ತಾಗಿದರೆ ಬಹಳ ಹೊತ್ತು ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆದು ಕೂಡಲೇ ಡಾಕ್ಟರ ಹತ್ತಿರ ಹೋಗಿ.

ಮೆಕ್ಯಾನಿಕ್ ಮೀಟರ್ ಹಿಡಿದಾಗ ನೀವೂ ಅಂಕಿ ಓದಿ. ಗಾಡಿ ನಿಂತಿರುವಾಗ 12.6 ಇದ್ದರೆ ಬ್ಯಾಟರಿ ತುಂಬಿದೆ. 12ಕ್ಕಿಂತ ಕಡಿಮೆ ಇದ್ದರೆ ಬರಿದಾಗಿದೆ. ಇಂಜಿನು ಓಡುವಾಗ ಸುಮಾರು 14 ಇರಬೇಕು. ಆಗಲೂ 12ರಲ್ಲೇ ನಿಂತಿದ್ದರೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ಹೊಸ ಬ್ಯಾಟರಿ ಹಾಕಿದರೂ ಅದೂ ಬರಿದಾಗುತ್ತದೆ. ಆಲ್ಟರ್ನೇಟರನ್ನೂ ಅದರ ಬೆಲ್ಟನ್ನೂ ನೋಡಲು ಹೇಳಿ.

ಫ್ಯೂಸಿನ ಮೇಲೂ ಅಂಕಿ ಇರುತ್ತದೆ. 10 ಎಂದಿದ್ದರೆ 10ರದೇ ಹಾಕಿ. 20 ಹಾಕಬೇಡಿ. ತಾಮ್ರದ ತಂತಿ, ಸಿಗರೇಟಿನ ಬೆಳ್ಳಿ ಕಾಗದ ಸುತ್ತಲೇಬೇಡಿ. ಫ್ಯೂಸ್ ತಾನು ಸುಟ್ಟು ಗಾಡಿ ಉಳಿಸುತ್ತದೆ. ತಂತಿ ಸುತ್ತಿದರೆ ವೈರು ಕಾದು ಗಾಡಿಗೇ ಬೆಂಕಿ ಬೀಳಬಹುದು.

ಒಂದು ಚೀಟಿಯಲ್ಲಿ ಬರೆದಿಡಿ: ಬೆಳಕು ಹೇಗಿತ್ತು? ಶಬ್ದ ಬಂತೇ? ಮೀಟರಿನ ಅಂಕಿ ಎಷ್ಟು? ಆ ಚೀಟಿ ಮೆಕ್ಯಾನಿಕ್ಕಿಗೆ ಕೊಡಿ. ಅವನ ಕೆಲಸ ಹಗುರ, ನಿಮ್ಮ ಖರ್ಚೂ ಹಗುರ. ನೀವು ಕಲಿತ ಅಕ್ಷರ, ಅಂಕಿ ನಿಮ್ಮ ದುಡ್ಡು ಕಾಯಲಿ.