ವಾಲುವ ರೈಲಿನ ಪಾಠ

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಸೈಕಲ್ ಮೇಲೆ ಗಿರಣಿಗೆ ಬರುವ ನಿಮಗೆ ಇಂದಿನ ವಿಷಯ ಅರ್ಧ ಗೊತ್ತೇ ಇದೆ. ತಿರುವಿನಲ್ಲಿ ಜೋರಾಗಿ ಬಂದರೆ ನಾವು ಒಳಮಗ್ಗುಲಿಗೆ ವಾಲುತ್ತೇವೆ. ಇಲ್ಲದಿದ್ದರೆ ಹೊರಕ್ಕೆ ಎಸೆಯುತ್ತದೆ. ರೈಲಿಗೂ ಇದೇ ತೊಂದರೆ. ಅದಕ್ಕಾಗಿ ತಿರುವಿನಲ್ಲಿ ಹೊರಗಿನ ಹಳಿಯನ್ನು ಕೊಂಚ ಎತ್ತರಿಸಿ ಹಾಕುತ್ತಾರೆ. ಆದರೆ ಬಹಳ ಎತ್ತರಿಸಲಾಗದು. ಅದೇ ಹಳಿಯ ಮೇಲೆ ಗೂಡ್ಸ್ ಗಾಡಿಯೂ ನಿಧಾನವಾಗಿ ಹೋಗಬೇಕು, ಸಿಗ್ನಲ್ ಸಿಗದಿದ್ದರೆ ಅಲ್ಲಿಯೇ ನಿಲ್ಲಬೇಕು. ಆದುದರಿಂದ ತಿರುವು ಬಂದಲ್ಲೆಲ್ಲ ವೇಗ ಇಳಿಸುತ್ತಾರೆ. ಗಾಡಿ ಮಗುಚೀತೆಂಬ ಭಯಕ್ಕಲ್ಲ. ಆ ವೇಗ ಇನ್ನೂ ದೂರವಿರುತ್ತದೆ. ಒಳಗಿರುವವರು ಒಬ್ಬರ ಮೇಲೊಬ್ಬರು ಬೀಳದಿರಲೆಂದು.

ದಾರಿಯನ್ನು ನೇರಮಾಡಲು ಹೊಸ ಭೂಮಿ, ಸುರಂಗ, ಸೇತುವೆ, ಕೋಟಿಗಟ್ಟಲೆ ಹಣ ಬೇಕು. ಹಳಿ ಇದ್ದಂತೆಯೇ ಇರಲಿ, ಡಬ್ಬಿಯೇ ವಾಲಲಿ ಎಂಬುದು ಎಂಜಿನಿಯರರ ಉಪಾಯ.

ಬ್ರಿಟನ್ನಿನ ಸರಕಾರಿ ರೈಲ್ವೆ ಇದನ್ನು ಕೈಗೆತ್ತಿಕೊಂಡಿತು. ಲಂಡನ್ನಿನಿಂದ ಗ್ಲಾಸ್ಗೋವಿಗೆ ಸುಮಾರು 400 ಮೈಲಿ. 19ನೆಯ ಶತಮಾನದಲ್ಲಿ ಹಾಕಿದ ಆ ದಾರಿ ಉತ್ತರದ ಗುಡ್ಡಗಳಲ್ಲಿ ಬಳಸಿ ಬಳಸಿ ಹೋಗುತ್ತದೆ. ಡರ್ಬಿ ಪಟ್ಟಣದ ರೈಲ್ವೆ ಸಂಶೋಧನಾಲಯದವರು ತಯಾರಿಸಿದ ಪ್ರಯೋಗದ ಗಾಡಿ 1972ರಲ್ಲಿ ಹಳಿಗಿಳಿಯಿತು. ತಿರುವಿನ ಎಳೆತವನ್ನು ಉಪಕರಣ ಅಳೆಯುವುದು. ಅದರಂತೆ ಎಣ್ಣೆಯ ಒತ್ತಡದ ಜಾಕಿಗಳು ಡಬ್ಬಿಯನ್ನು 9 ಡಿಗ್ರಿಯವರೆಗೆ ವಾಲಿಸುವುವು.

ಮೊದಲ ತೊಡಕು ಯಂತ್ರದ್ದಲ್ಲ. ಡ್ರೈವರನ ಕೋಣೆಯಲ್ಲಿ ಇಟ್ಟಿದ್ದುದು ಒಂದೇ ಆಸನ. ಡ್ರೈವರುಗಳ ಸಂಘ ಗಾಡಿಯನ್ನು ಮುಟ್ಟಲು ಒಪ್ಪಲಿಲ್ಲ. ಸುಮಾರು ಒಂದು ವರ್ಷ ಗಾಡಿ ನಿಂತೇ ಇತ್ತು. ದುಡಿಯುವವನನ್ನು ಕೇಳದೆ ಅವನ ಕುರ್ಚಿ ಎಣಿಸಿದರೆ ಆಗುವುದು ಹೀಗೆಯೇ. ಮುಂದೆ 1975ರಲ್ಲಿ ಅದೇ ಗಾಡಿ ಗಂಟೆಗೆ 152 ಮೈಲಿ ಓಡಿತು.

1981ರ ಡಿಸೆಂಬರಿನಲ್ಲಿ ವಿದ್ಯುತ್ತಿನ ಹೊಸ ಮಾದರಿಗೆ ಪ್ರಯಾಣಿಕರನ್ನು ಹತ್ತಿಸಿದರು. ಗಾಡಿ ಇನ್ನೂ ಪಳಗಿರಲಿಲ್ಲ. ಜೊತೆಗೆ ಬಂದ ಪತ್ರಕರ್ತರಲ್ಲಿ ಕೆಲವರಿಗೆ ಹೊಟ್ಟೆ ತೊಳಸಿತು. ಕಾರಣವೇನು? ಗಾಡಿ ತಿರುವಿನ ಎಳೆತವನ್ನು ಪೂರ್ತಿ ಅಳಿಸಿಬಿಡುತ್ತಿತ್ತು. ಕಿಟಕಿಯಾಚೆ ಭೂಮಿ ವಾಲುವುದು ಕಣ್ಣಿಗೆ ಕಾಣುತ್ತಿತ್ತು, ಮೈಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಅದೇ ವಾರ ಕಡುಚಳಿಗೆ ಯಂತ್ರಗಳೂ ಕೆಟ್ಟವು. ಪತ್ರಿಕೆಗಳು ನಕ್ಕವು. ಕೆಲವೇ ದಿನಗಳಲ್ಲಿ ಗಾಡಿಯನ್ನು ಹಿಂತೆಗೆದರು.

ಮದ್ದು ಇಲ್ಲದಿರಲಿಲ್ಲ. ಎಳೆತವನ್ನು ಪೂರ್ತಿ ಅಳಿಸದೆ ಸ್ವಲ್ಪ ಉಳಿಸಿದರೆ ಸಾಕಿತ್ತು. 1984ರ ಡಿಸೆಂಬರಿನಲ್ಲಿ ತಿದ್ದಿದ ಗಾಡಿ ಲಂಡನ್ನಿನಿಂದ ಗ್ಲಾಸ್ಗೋವಿಗೆ 3 ಗಂಟೆ 52 ನಿಮಿಷಗಳಲ್ಲಿ ತಲುಪಿತು. ಆದರೆ ಅಷ್ಟರಲ್ಲಿ ಮೇಲಿನವರ ಧೈರ್ಯ ಕರಗಿತ್ತು. ಗಾಡಿಗಳಲ್ಲಿ ಹೆಚ್ಚಿನವು ಗುಜರಿಗೆ ಹೋದವು.

ಇತ್ತ ಇಟಲಿಯ ಫಿಯಟ್ ಕಂಪನಿ ತನ್ನದೇ ವಾಲುವ ಗಾಡಿಯನ್ನು 1970ರ ದಶಕದಿಂದ ತಿದ್ದುತ್ತ ಬಂದಿತು. 1988ರಲ್ಲಿ ಅದು ರೋಮ್–ಮಿಲಾನ್ ನಡುವೆ ಓಡತೊಡಗಿತು. ಬ್ರಿಟನ್ನಿನಲ್ಲಿ ರೈಲು ಓಡಿಸುವುದು ಖಾಸಗಿಯವರ ಪಾಲಾದ ಮೇಲೆ, 2004ರಲ್ಲಿ, ಅದೇ ದಾರಿಯಲ್ಲಿ ವಾಲಲು ಬಂದದ್ದು ಈ ಇಟಲಿಯ ತಂತ್ರದ ಗಾಡಿ. 2021ರಲ್ಲಿ ಅಂಥದೊಂದು ಗಾಡಿ 1984ರ ದಾಖಲೆಯನ್ನು ಮುರಿಯಲು ಹೊರಟು 21 ಸೆಕೆಂಡಿನಿಂದ ಸೋತಿತು! ತನ್ನ ಮನೆಯಲ್ಲೇ ಕಲಿತಿದ್ದ ವಿದ್ಯೆಯನ್ನು ಆ ದೇಶ ಹಣ ತೆತ್ತು ಹೊರಗಿನಿಂದ ತಂದಿತು.

ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟಕ್ಕೂ ಇದು ಬರಲಿ ಎಂದು ನೀವು ಕೇಳಬಹುದು. ಅಲ್ಲಿ 50 ಅಡಿಗೆ 1 ಅಡಿ ಏರು. ಗಾಡಿ ಮೆಲ್ಲಗೆ ಹೋಗುವುದು ಏರಿಗೂ ಬ್ರೇಕಿಗೂ ಹೆದರಿ, ವಾಲಿದರೆ ಪ್ರಯೋಜನವಿಲ್ಲ. ವೇಗವಾಗಿ ಓಡಬಲ್ಲ ಗಾಡಿಯನ್ನು ತಿರುವೊಂದೇ ತಡೆಯುವ ದಾರಿಗೆ ಮಾತ್ರ ಈ ಉಪಾಯ.

ಹೊಸ ಮಗ್ಗ ಮೊದಲ ವಾರ ನೂಲು ಕಡಿಯುತ್ತದೆಂದು ಅದನ್ನು ಗುಜರಿಗೆ ಕಳಿಸುವವರುಂಟೇ? ಜನರ ಹಣದಿಂದ ನಡೆಯುವ ಸಂಶೋಧನೆಯನ್ನು ಪ್ರದರ್ಶನಕ್ಕಾಗಿ ಆತುರಪಡಿಸಬಾರದು. ಮೊದಲ ನಗೆಗೆ ಹೆದರಿ ಎಸೆಯಲೂಬಾರದು. ತಿದ್ದುವ ಕೈಗಳಿಗೆ ಕಾಲಾವಕಾಶ ಕೊಡಬೇಕೆಂದು ಕೇಳುವುದು ಹಣ ಕೊಟ್ಟ ನಮ್ಮೆಲ್ಲರ ಕೆಲಸ.